ದಕ್ಷಿಣ ಆಫ್ರಿಕಾದ ಶಾಲೆಯಲ್ಲಿ ಟೆಕ್ನಾಲಜಿ ವಿಷಯ: ಕನ್ನಡದ ಅಪ್ಪ ಅಮ್ಮಂದಿರು ತಿಳಿದಿರಬೇಕಾದದ್ದು

ಮಕ್ಕಳನ್ನು ಕರೆದುಕೊಂಡು ಜೋಹಾನ್ಸ್‌ಬರ್ಗ್‌ಗೋ ಡರ್ಬನ್‌ಗೋ ಕೇಪ್‌ಟೌನ್‌ಗೋ ಬಂದಿದ್ದೀರಿ. ಮಗು ಗ್ರೇಡ್ 7, 8 ಅಥವಾ 9ಕ್ಕೆ ಸೇರಿದೆ. ಟೈಮ್‌ಟೇಬಲ್‌ನಲ್ಲಿ ಟೆಕ್ನಾಲಜಿ ಅಂತ ವಾರಕ್ಕೆ ಎರಡು ಗಂಟೆ ಇದೆ. ಕಂಪ್ಯೂಟರ್ ಪಾಠ ಅಂದುಕೊಳ್ಳಬೇಡಿ. ಇಲ್ಲಿ ಕಲಿಸುವುದು ನಾಲ್ಕು ಸಂಗತಿ: ಕಟ್ಟಡಗಳು ಹೇಗೆ ನಿಲ್ಲುತ್ತವೆ, ಯಂತ್ರಗಳು ಹೇಗೆ ಚಲಿಸುತ್ತವೆ, ವಸ್ತುಗಳನ್ನು ಹೇಗೆ ಸಂಸ್ಕರಿಸುತ್ತಾರೆ, ವಿದ್ಯುತ್ ಸರ್ಕ್ಯೂಟ್ ಹೇಗೆ ಕೆಲಸ ಮಾಡುತ್ತದೆ. ನಮ್ಮ ಎಸ್ಸೆಸ್ಸೆಲ್ಸಿ ದಾರಿಯಲ್ಲಿ ಇದಕ್ಕೆ ಸರಿಸಾಟಿಯಾದ ವಿಷಯ ಇಲ್ಲ. ಅದಕ್ಕೇ ನಮ್ಮವರು ಇದನ್ನು ಕ್ರಾಫ್ಟ್ ಪೀರಿಯಡ್ ಅಂತ ಪಕ್ಕಕ್ಕೆ ಸರಿಸಿಬಿಡುತ್ತಾರೆ. ಆಮೇಲೆ ರಿಪೋರ್ಟ್ ಕಾರ್ಡ್ ಬಂದಾಗ ಆಶ್ಚರ್ಯಪಡುತ್ತಾರೆ.

ಇಲ್ಲಿನ ಪಠ್ಯಕ್ರಮದ ಹೆಸರು ಕ್ಯಾಪ್ಸ್. ಇದು 2012ರಿಂದ ಹಂತಹಂತವಾಗಿ ಬಂತು. 7ರಿಂದ 9ರವರೆಗಿನ ತರಗತಿಗಳಿಗೆ 2014ರಲ್ಲಿ ತಲುಪಿತು. ಈ ಮೂರು ವರ್ಷಕ್ಕೆ ಸೀನಿಯರ್ ಫೇಸ್ ಅನ್ನುತ್ತಾರೆ. ಒಂಬತ್ತು ವಿಷಯಗಳೂ ಕಡ್ಡಾಯ, ಅದರಲ್ಲಿ ಟೆಕ್ನಾಲಜಿಯೂ ಒಂದು. ಗ್ರೇಡ್ 4ರಿಂದ 6ರವರೆಗೆ ಇದು ವಿಜ್ಞಾನದ ಜೊತೆ ಸೇರಿಕೊಂಡಿರುತ್ತದೆ, 7ರಲ್ಲಿ ಬೇರೆಯಾಗುತ್ತದೆ. ಖಾಸಗಿ ಶಾಲೆಗಳಲ್ಲೂ ಹೆಚ್ಚಿನವು ಇದೇ ಚೌಕಟ್ಟಿನಲ್ಲಿ ನಡೆಯುತ್ತವೆ. ಕೇಂಬ್ರಿಡ್ಜ್ ಪಠ್ಯಕ್ರಮದ ಶಾಲೆಯಾದರೆ ಲೆಕ್ಕಾಚಾರವೇ ಬೇರೆ, ಈ ಬರಹ ಅದಕ್ಕೆ ಹೊಂದುವುದಿಲ್ಲ.

ಅಂಕ ಎಲ್ಲಿದೆ?

ಮೊದಲು ಇದನ್ನೇ ಹೇಳಿಬಿಡುತ್ತೇನೆ, ಯಾಕೆಂದರೆ ಮಿಕ್ಕಿದ್ದೆಲ್ಲ ಇದರ ಮೇಲೆ ನಿಂತಿದೆ. ಸಾಮಾನ್ಯವಾಗಿ ಪ್ರತಿ ಟರ್ಮ್‌ನಲ್ಲೂ ಒಂದು ಮಿನಿ ಪ್ಯಾಟ್ ಇರುತ್ತದೆ. ಅಂದರೆ ಕೈಕೆಲಸದ ಒಂದು ಸಣ್ಣ ಪ್ರಾಜೆಕ್ಟ್. ಕ್ಯಾಪ್ಸ್ ಮೂಲ ದಾಖಲೆಯ ಪ್ರಕಾರ ಟರ್ಮ್ ಅಂಕದಲ್ಲಿ ಟೆಸ್ಟ್‌ಗಿಂತ ಇದಕ್ಕೇ ಪಾಲು ಜಾಸ್ತಿ. ಅದೇ ದಾಖಲೆಯಲ್ಲಿ ವರ್ಷದ ಒಟ್ಟು ಲೆಕ್ಕಕ್ಕೆ ತರಗತಿಯ ಕೆಲಸಕ್ಕೆ ಶೇಕಡಾ 40, ಕೊನೆಯ ಪರೀಕ್ಷೆಗೆ 60 ಇತ್ತು. ಆಮೇಲೆ ಇಲಾಖೆ ಕೆಲವು ತಿದ್ದುಪಡಿ ಮಾಡಿದೆ. ಆದ್ದರಿಂದ ಈ ವರ್ಷದ ಹಂಚಿಕೆ ಏನು, ಯಾವ ಟರ್ಮ್‌ನಲ್ಲಿ ಯಾವ ಪಾಠ ಅನ್ನುವುದನ್ನು ಶಾಲೆಯಲ್ಲೇ ಕೇಳಿ. ಎ.ಟಿ.ಪಿ. ಬೇಕು ಅಂದರೆ ಸಾಕು, ವರ್ಷದ ಬೋಧನಾ ಯೋಜನೆಯ ಪ್ರತಿ ಕೊಡುತ್ತಾರೆ.

ಮಿನಿ ಪ್ಯಾಟ್‌ನಲ್ಲಿ ಐದು ಹಂತ: ಹುಡುಕು, ವಿನ್ಯಾಸ ಮಾಡು, ತಯಾರಿಸು, ಪರೀಕ್ಷಿಸಿ ನೋಡು, ಇತರರಿಗೆ ವಿವರಿಸು. ಸಮಸ್ಯೆ ಏನು ಅಂತ ಮಗು ತನ್ನ ಮಾತಿನಲ್ಲಿ ಬರೆಯಬೇಕು, ಅದು ಡಿಸೈನ್ ಬ್ರೀಫ್. ಮಾಡುವ ವಸ್ತು ಏನೇನು ಮಾಡಲೇಬೇಕು ಅಂತ ಪಟ್ಟಿ ಮಾಡಬೇಕು, ಅದು ಸ್ಪೆಸಿಫಿಕೇಶನ್. ಸಮಯ, ದುಡ್ಡು, ಸಾಮಾನಿನ ಮಿತಿಗಳನ್ನು ಹೇಳಬೇಕು, ಅದು ಕನ್ಸ್ಟ್ರೇಂಟ್. ಒಂದಕ್ಕಿಂತ ಹೆಚ್ಚು ಐಡಿಯಾಗಳನ್ನು ಕೈಯಲ್ಲೇ ಗೀಚಿ, ಅದರಲ್ಲಿ ಒಂದನ್ನು ಯಾಕೆ ಆರಿಸಿದೆ ಅಂತ ಬರೆಯಬೇಕು. ಇಷ್ಟಾದ ಮೇಲೆ ಕತ್ತರಿ, ಅಂಟು. ಎಲ್ಲ ಟರ್ಮ್‌ನಲ್ಲೂ ಐದೂ ಹಂತಕ್ಕೆ ಅಂಕ ಇರುವುದಿಲ್ಲ. ಯಾವುದಕ್ಕೆ ಎಷ್ಟು ಅಂತ ಪ್ರಾಜೆಕ್ಟ್ ಹಾಳೆಯ ಜೊತೆ ಕೊಡುವ ರೂಬ್ರಿಕ್‌ನಲ್ಲಿ ಇರುತ್ತದೆ. ಆ ಹಾಳೆಯನ್ನು ಮಗುವಿನ ಜೊತೆ ಕೂತು ಓದುವುದೇ ನೀವು ಮಾಡಬಹುದಾದ ದೊಡ್ಡ ಸಹಾಯ.

ನಮ್ಮ ಕಡೆಯ ಮಕ್ಕಳು ಎಡವುವುದು ಇಲ್ಲೇ. ಮಾಡೆಲ್ ಲಕಲಕ ಹೊಳೆಯುತ್ತಿರುತ್ತದೆ, ಹಾಳೆಗಳು ಖಾಲಿ. ಇಲ್ಲವೇ ಮೊದಲು ಮಾಡೆಲ್ ಮುಗಿಸಿ, ಆಮೇಲೆ ಅದನ್ನು ನೋಡಿಕೊಂಡು ವಿನ್ಯಾಸದ ಚಿತ್ರ ಬಿಡಿಸುತ್ತಾರೆ. ಟೀಚರ್‌ಗೆ ಅದು ಒಂದೇ ನೋಟಕ್ಕೆ ಗೊತ್ತಾಗುತ್ತದೆ. ಇನ್ನು ಅಪ್ಪನೇ ರಾತ್ರಿ ಕೂತು ಮಾಡೆಲ್ ಮಾಡಿಕೊಡುವ ಪದ್ಧತಿ ಇದೆಯಲ್ಲ, ಅದನ್ನು ದಯವಿಟ್ಟು ಊರಲ್ಲೇ ಬಿಟ್ಟುಬನ್ನಿ. ಈ ಕೆಲಸ ತರಗತಿಯಲ್ಲಿ, ಟೀಚರ್ ಕಣ್ಣೆದುರೇ ಆಗಬೇಕು ಅನ್ನುವುದು ಇಲ್ಲಿನ ಕ್ರಮ. ಮನೆಯಿಂದ ಕಳಿಸಬೇಕಾದದ್ದು ರಟ್ಟು, ಸ್ಟ್ರಾ, ಐಸ್‌ಕ್ರೀಂ ಕಡ್ಡಿ, ಸೂಜಿ ಇಲ್ಲದ ಸಿರಿಂಜ್, ದಾರ ಇಂಥವು ಮಾತ್ರ. ಮಾಡೆಲ್ ಮುರಿದರೂ ಗಾಬರಿ ಬೇಡ. ಯಾಕೆ ಮುರಿಯಿತು, ಮುಂದಿನ ಸಲ ಏನು ಬದಲಿಸುತ್ತೇನೆ ಅಂತ ಸರಿಯಾಗಿ ಬರೆದರೆ ಪರೀಕ್ಷಿಸುವ ಹಂತದ ಅಂಕ ಬಂದೇ ಬರುತ್ತದೆ.

ರಿಪೋರ್ಟ್‌ನಲ್ಲಿ ಶೇಕಡಾವಾರು ಅಂಕದ ಜೊತೆ 1ರಿಂದ 7ರ ಒಂದು ಸಂಖ್ಯೆ ಇರುತ್ತದೆ. 80 ಮತ್ತು ಮೇಲಕ್ಕೆ 7, 70ರಿಂದ 79ಕ್ಕೆ 6, ಹೀಗೆ ಇಳಿಯುತ್ತಾ 30ಕ್ಕಿಂತ ಕಡಿಮೆಗೆ 1. ಅಂದರೆ 7 ಬಂದರೆ ಬೇಜಾರಲ್ಲ, ಸಿಹಿ ಹಂಚುವ ವಿಷಯ.

ಕಟ್ಟಡ ಮತ್ತು ಯಂತ್ರ

ಗ್ರೇಡ್ 7ರಲ್ಲಿ ರಚನೆಗಳ ಪಾಠ ಶುರುವಾಗುವುದು ಮೂರು ಬಗೆಯಿಂದ: ಅಣೆಕಟ್ಟಿನ ಹಾಗೆ ಗಟ್ಟಿ ರಾಶಿ, ಮೊಟ್ಟೆಯ ಹಾಗೆ ಚಿಪ್ಪು, ವಿದ್ಯುತ್ ಗೋಪುರದ ಹಾಗೆ ಚೌಕಟ್ಟು. ಪ್ರಾಜೆಕ್ಟ್ ಸಾಮಾನ್ಯವಾಗಿ ಮೊಬೈಲ್ ಟವರ್. ಸ್ಟ್ರಾ ಅಥವಾ ಕಾಗದದ ಕೊಳವೆಯಿಂದ ನಿಲ್ಲಿಸಬೇಕು. ಮಕ್ಕಳು ಮೊದಲು ಚೌಕ ಚೌಕವಾಗಿ ಕಟ್ಟುತ್ತಾರೆ, ಅದು ಓಲಾಡುತ್ತದೆ. ಒಂದು ಓರೆ ಕಡ್ಡಿ ಹಾಕಿದರೆ ಚೌಕ ಎರಡು ತ್ರಿಕೋನವಾಗುತ್ತದೆ, ಅಲ್ಲಾಡುವುದು ನಿಲ್ಲುತ್ತದೆ. ತ್ರಿಕೋನದ ಬಾಹುಗಳ ಉದ್ದ ಬದಲಾಗದೆ ಅದರ ಆಕಾರ ಬದಲಾಗಲು ಸಾಧ್ಯವಿಲ್ಲ. ಚೌಕ ಹಾಗಲ್ಲ, ಮೂಲೆಯಲ್ಲಿ ತಿರುಗಿ ವಾಲಿಬಿಡುತ್ತದೆ. ಮೂಲೆಗೆ ಅಂಟಿಸುವ ಸಣ್ಣ ತ್ರಿಕೋನದ ರಟ್ಟಿಗೆ ಗಸೆಟ್ ಅನ್ನುತ್ತಾರೆ. ಪರೀಕ್ಷೆಯಲ್ಲಿ ಈ ಮಾತು ಬರುತ್ತದೆ. ಹಾಗೆಯೇ ಎಳೆತ, ಒತ್ತಡ, ಬಾಗು, ತಿರುಚು, ಕತ್ತರಿ ಬಲ ಅನ್ನುವ ಐದನ್ನೂ ಚಿತ್ರದಲ್ಲಿ ಬಾಣ ಹಾಕಿ ತೋರಿಸಲು ಬರಬೇಕು.

ಟವರ್‌ನ ಪಾಠದಲ್ಲಿ ಇನ್ನೊಂದು ಪ್ರಶ್ನೆಯೂ ಇದೆ: ಅದು ಊರಿನ ನೋಟ ಕೆಡಿಸುತ್ತದಲ್ಲ, ಏನು ಮಾಡೋಣ? ಇಲ್ಲಿ ಕೆಲವು ಟವರ್‌ಗಳನ್ನು ತಾಳೆಮರ, ಪೈನ್ ಮರದ ವೇಷದಲ್ಲಿ ನಿಲ್ಲಿಸಿದ್ದಾರೆ, ರಸ್ತೆಯಲ್ಲಿ ಹೋಗುವಾಗ ಮಗುವಿಗೆ ತೋರಿಸಿ. ಒಂದು ತಂತ್ರ ಯಾರಿಗೆ ಅನುಕೂಲ, ಯಾರಿಗೆ ತೊಂದರೆ ಅನ್ನುವ ಚರ್ಚೆ ಈ ವಿಷಯದ ಒಂದು ಭಾಗವೇ. ಇಲ್ಲಿನ ಜನರ ಹಳೆಯ ಜಾಣ್ಮೆಯೂ ಹಾಗೆ. ಜುಲು ಜನರ ಗುಮ್ಮಟದಂಥ ಗುಡಿಸಲು, ಅಂದರೆ ಬಾಗಿಸಿದ ಕೊಂಬೆಗಳ ಚೌಕಟ್ಟಿನ ಮೇಲೆ ಹುಲ್ಲು ಹೊದಿಸಿದ್ದು, ಚೌಕಟ್ಟಿನ ರಚನೆಗೆ ಒಳ್ಳೆಯ ಉದಾಹರಣೆ.

ಯಂತ್ರದ ಭಾಗದಲ್ಲಿ ಮೊದಲು ಸನ್ನೆ, ಅಂದರೆ ಲಿವರ್. ಕತ್ತರಿ ಮೊದಲ ವರ್ಗ, ಒಂದು ಚಕ್ರದ ಕೈಗಾಡಿ ಎರಡನೆಯದು, ಚಿಮುಟ ಮೂರನೆಯದು. ಗ್ರೇಡ್ 7ರ ಹೆಸರುವಾಸಿ ಪ್ರಾಜೆಕ್ಟ್ ಎಂದರೆ ಅಪಘಾತದಲ್ಲಿ ನಜ್ಜುಗುಜ್ಜಾದ ಕಾರಿನೊಳಗೆ ಸಿಕ್ಕಿಕೊಂಡವರನ್ನು ಬಿಡಿಸುವ ಸಾಧನ, ಜಾಸ್ ಆಫ್ ಲೈಫ್. ಎರಡು ಸಿರಿಂಜ್, ಮಧ್ಯೆ ಪೈಪ್, ಒಳಗೆ ನೀರು. ಸಣ್ಣದನ್ನು ಒತ್ತಿದರೆ ದೊಡ್ಡದು ಹೊರಗೆ ಬರುತ್ತದೆ. ದೊಡ್ಡ ಸಿರಿಂಜಿನ ವ್ಯಾಸ ಎರಡು ಪಟ್ಟಿದ್ದರೆ ಅದರ ವಿಸ್ತೀರ್ಣ ನಾಲ್ಕು ಪಟ್ಟು, ಬಲವೂ ನಾಲ್ಕು ಪಟ್ಟು. ಆದರೆ ಅದು ಸರಿಯುವ ದೂರ ಕಾಲು ಭಾಗ ಮಾತ್ರ. ಪುಕ್ಕಟೆ ಏನೂ ಸಿಗುವುದಿಲ್ಲ. ಪೈಪಿನಲ್ಲಿ ಗಾಳಿಗುಳ್ಳೆ ಉಳಿದರೆ ಒತ್ತಿದ್ದೆಲ್ಲ ಆ ಗಾಳಿಯನ್ನು ಕುಗ್ಗಿಸುವುದಕ್ಕೇ ಹೋಗುತ್ತದೆ. ಅದಕ್ಕೆ ಬಕೆಟ್ ನೀರಿನೊಳಗೆ ಮುಳುಗಿಸಿಕೊಂಡು ಜೋಡಿಸಬೇಕು. ಇದೇ ಸಂಗತಿ ಗ್ರೇಡ್ 9ರಲ್ಲಿ ಪ್ಯಾಸ್ಕಲ್ ನಿಯಮ ಮತ್ತು ಹೈಡ್ರಾಲಿಕ್ ಜಾಕ್ ಆಗಿ, ಲೆಕ್ಕದ ರೂಪದಲ್ಲಿ ಮರಳುತ್ತದೆ.

ಗ್ರೇಡ್ 8ರಲ್ಲಿ ಗಣಿ ಬರುತ್ತದೆ. ಗಣಿಯ ಬಾಯಿಯ ಮೇಲೆ ನಿಂತಿರುವ ಎತ್ತರದ ಚೌಕಟ್ಟು, ರಾಟೆ, ಹಗ್ಗ, ಕೆಳಗೆ ಇಳಿಯುವ ಪಂಜರ. ಈ ದೇಶದಲ್ಲಿ ಇದು ಸುಮ್ನೆ ಪಠ್ಯದ ಉದಾಹರಣೆ ಅಲ್ಲ. ಜೋಹಾನ್ಸ್‌ಬರ್ಗ್‌ನ ಪಶ್ಚಿಮಕ್ಕಿರುವ ಎಂಪೊನೆಂಗ್ ಚಿನ್ನದ ಗಣಿ ಹೆಚ್ಚೂಕಡಿಮೆ 4 ಕಿಲೋಮೀಟರ್ ಆಳ ಇದೆ. ಅಲ್ಲಿ ಜನರನ್ನು ಇಳಿಸಿ ಹತ್ತಿಸುವುದೇ ದೊಡ್ಡ ಎಂಜಿನಿಯರಿಂಗ್. ಇಲ್ಲಿ ಗೇರ್ ಲೆಕ್ಕ ಬೇಕು. 10 ಹಲ್ಲಿನ ಚಕ್ರ 30 ಹಲ್ಲಿನದನ್ನು ತಿರುಗಿಸಿದರೆ ವೇಗ ಮೂರನೇ ಒಂದು, ತಿರುಗಿಸುವ ಬಲ ಮೂರು ಪಟ್ಟು. ಎರಡೂ ಎದುರುಬದುರಾಗಿ ತಿರುಗುತ್ತವೆ. ಒಂದೇ ಕಡೆ ತಿರುಗಬೇಕಾದರೆ ನಡುವೆ ಇನ್ನೊಂದು ಚಕ್ರ ಇಡಬೇಕು. ಅದರ ಹಲ್ಲು ಎಷ್ಟಿದ್ದರೂ ಅನುಪಾತ ಬದಲಾಗುವುದಿಲ್ಲ, ಮಕ್ಕಳು ನಂಬದಿರುವುದು ಇದೊಂದನ್ನೇ.

ಚಿತ್ರ ಬಿಡಿಸುವುದು

ಟೆಕ್ನಾಲಜಿಯಲ್ಲಿ ಚಿತ್ರ ಅಂದರೆ ಎಂಜಿನಿಯರಿಂಗ್ ಡ್ರಾಯಿಂಗ್‌ನ ಮೊದಲ ಪಾಠ. ಹೊರಗೆರೆ ದಪ್ಪ, ರಚನೆಯ ಗೆರೆ ತೆಳು, ಕಾಣದ ಅಂಚು ತುಂಡು ತುಂಡು ಗೆರೆ. ಅಳತೆ ಮಿಲಿಮೀಟರ್‌ನಲ್ಲೇ. ಮೊದಲು ಓಬ್ಲಿಕ್ (ಮುಂಭಾಗ ನೇರ, ಪಕ್ಕ ಓರೆ), ಆಮೇಲೆ ಐಸೊಮೆಟ್ರಿಕ್ (ಮೂಲೆಯ ಕಡೆಯಿಂದ ಕಂಡಂತೆ), ಗ್ರೇಡ್ 9ರ ಹೊತ್ತಿಗೆ ಆರ್ಥೊಗ್ರಾಫಿಕ್ (ಪ್ರತಿ ಬದಿಯ ನೋಟ ಬೇರೆ ಬೇರೆಯಾಗಿ). ಇಲ್ಲಿ ನಡೆಯುವುದು ಫಸ್ಟ್ ಆ್ಯಂಗಲ್ ಪ್ರೊಜೆಕ್ಷನ್: ಮೇಲಿನಿಂದ ಕಂಡ ನೋಟವನ್ನು ಮುಂದಿನ ನೋಟದ ಕೆಳಗೆ ಬಿಡಿಸುತ್ತಾರೆ, ಎಡದಿಂದ ಕಂಡದ್ದನ್ನು ಬಲಕ್ಕೆ. ಭಾರತದಲ್ಲಿ ಡಿಪ್ಲೊಮಾ, ಬಿ.ಇ. ಓದಿದವರಿಗೆ ಇದು ಪರಿಚಿತ. ಆದರೆ ಯೂಟ್ಯೂಬ್‌ನ ಅಮೆರಿಕನ್ ವಿಡಿಯೊಗಳು ಥರ್ಡ್ ಆ್ಯಂಗಲ್‌ನಲ್ಲಿರುತ್ತವೆ, ಅಲ್ಲಿ ಎಲ್ಲ ತಿರುವುಮುರುವು. ಮಗು ಅದನ್ನು ನೋಡಿ ಬಿಡಿಸಿದರೆ ನೋಟಗಳೆಲ್ಲ ತಪ್ಪು ಜಾಗದಲ್ಲಿ ಕೂರುತ್ತವೆ.

ವಿದ್ಯುತ್ತು, ಸಂಸ್ಕರಣೆ

ಗ್ರೇಡ್ 7ರಲ್ಲಿ ಬ್ಯಾಟರಿ, ಸ್ವಿಚ್ಚು, ಮೊಳೆಗೆ ತಂತಿ ಸುತ್ತಿದ ವಿದ್ಯುತ್ ಅಯಸ್ಕಾಂತ. ಗುಜರಿ ಕಬ್ಬಿಣ ಎತ್ತುವ ಕ್ರೇನ್ ಪ್ರಾಜೆಕ್ಟ್. 8ರಲ್ಲಿ ಎರಡು ಸ್ವಿಚ್ಚನ್ನು ಸಾಲಾಗಿ ಹಾಕಿದರೆ ‘ಆ್ಯಂಡ್’, ಸಮಾಂತರ ಹಾಕಿದರೆ ‘ಆರ್’ ಅನ್ನುವ ತರ್ಕ. 9ರಲ್ಲಿ ವಿಷಯ ಒಮ್ಮೆಲೇ ಏರುತ್ತದೆ: ಓಮ್ ನಿಯಮ, ರೆಸಿಸ್ಟರ್ ಬಣ್ಣದ ಪಟ್ಟಿ, ಎಲ್‌ಇಡಿ, ಬೆಳಕಿಗೆ ಸ್ಪಂದಿಸುವ ಎಲ್‌ಡಿಆರ್, ಟ್ರಾನ್ಸಿಸ್ಟರ್. 9 ವೋಲ್ಟ್ ಬ್ಯಾಟರಿಗೆ ಎಲ್‌ಇಡಿಯನ್ನು ನೇರ ಹಚ್ಚಿದರೆ ಸುಟ್ಟುಹೋಗುತ್ತದೆ. ಎಲ್‌ಇಡಿ 2 ವೋಲ್ಟ್ ತೆಗೆದುಕೊಂಡರೆ ಉಳಿದ 7 ವೋಲ್ಟ್‌ಗೆ, 20 ಮಿಲಿಆ್ಯಂಪ್ ಲೆಕ್ಕದಲ್ಲಿ, 350 ಓಮ್ ಬೇಕು. ಅಂಗಡಿಯಲ್ಲಿ ಸುಲಭವಾಗಿ ಸಿಗುವ 470 ಓಮ್ ಹಾಕಿದರೆ ಸಾಕು. ಅದರ ಪಟ್ಟಿ ಹಳದಿ, ನೇರಳೆ, ಕಂದು. ಇಂಥ ಒಂದು ಸರ್ಕ್ಯೂಟನ್ನು ಮನೆಯಲ್ಲಿ ಬ್ಯಾಟರಿ ಇಟ್ಟು ಮಾಡಿದ ಮಗು ಟೆಸ್ಟ್‌ನಲ್ಲಿ ತಡವರಿಸುವುದಿಲ್ಲ. ಗೋಡೆಯ ಪ್ಲಗ್ಗಿನ 230 ವೋಲ್ಟ್ ಮಾತ್ರ ಮುಟ್ಟಕೂಡದು, ಶಾಲೆಯ ಯಾವ ಪ್ರಾಜೆಕ್ಟಿಗೂ ಅದು ಬೇಕಾಗಿಲ್ಲ.

ಸಂಸ್ಕರಣೆಯ ಭಾಗ ಓದಲು ಸುಲಭ, ಆದ್ದರಿಂದ ಬೇಗ ಹೇಳಿಬಿಡುತ್ತೇನೆ. 7ರಲ್ಲಿ ನಿರಾಶ್ರಿತರಿಗೆ ತುರ್ತು ಆಹಾರ, ಬಟ್ಟೆ, ಮಳೆಗೆ ನೆನೆಯದ ಡೇರೆ. 9ರಲ್ಲಿ ಲೋಹ ತುಕ್ಕು ಹಿಡಿಯದಂತೆ ಬಣ್ಣ, ಸತು, ಎಲೆಕ್ಟ್ರೋಪ್ಲೇಟಿಂಗ್, ಆಹಾರ ಕೆಡದಂತೆ ಒಣಗಿಸುವುದು, ಉಪ್ಪು ಹಾಕುವುದು, ಪ್ಲಾಸ್ಟಿಕ್ ಮರುಬಳಕೆ. ಕಡಲ ಉಪ್ಪುಗಾಳಿಯ ಡರ್ಬನ್‌ನಲ್ಲಿ ಗೇಟು ಬೇಗ ತುಕ್ಕು ಹಿಡಿಯುತ್ತದೆ, ಒಣಹವೆಯ ಜೋಹಾನ್ಸ್‌ಬರ್ಗ್‌ನಲ್ಲಿ ನಿಧಾನ. ಯಾಕೆ ಅಂತ ಬರೆಯಲು ಬಂದರೆ ಪಾಠದ ಅರ್ಧ ಬಂದಂತೆ. ಆಹಾರಕ್ಕೆ ಇಲ್ಲಿನವರ ಉದಾಹರಣೆ ಬಿಲ್ಟಾಂಗ್, ಅಂದರೆ ವಿನೆಗರ್, ಉಪ್ಪು, ಕೊತ್ತಂಬರಿ ಬೀಜ ಸವರಿ ಒಣಗಿಸಿದ ಮಾಂಸ. ಮಾಂಸ ತಿನ್ನದ ಮನೆಯ ಮಗು ಉಪ್ಪಿನಕಾಯಿ ಬಗ್ಗೆ ಬರೆಯಬಹುದು, ಕಾರಣ ಒಂದೇ: ಉಪ್ಪು ನೀರನ್ನು ಹೀರಿಕೊಳ್ಳುತ್ತದೆ, ನೀರಿಲ್ಲದೆ ಸೂಕ್ಷ್ಮಜೀವಿಗಳು ಬೆಳೆಯುವುದಿಲ್ಲ.

ಪುಸ್ತಕಕ್ಕೆ ದುಡ್ಡು ಸುರಿಯಬೇಕಾಗಿಲ್ಲ. ಸಾಸೋಲ್ ಇನ್ಜಾಲೊ ಫೌಂಡೇಶನ್ ಬೆಂಬಲದಿಂದ ಬಂದ ಗ್ರೇಡ್ 7, 8, 9ರ ಟೆಕ್ನಾಲಜಿ ಪುಸ್ತಕಗಳು ಇಂಟರ್‌ನೆಟ್‌ನಲ್ಲಿ ಉಚಿತವಾಗಿ ಸಿಗುತ್ತವೆ. ಮಧ್ಯದಲ್ಲಿ ಬಂದು ಸೇರಿದ ಮಗುವಿಗೆ ಹಿಂದಿನ ವರ್ಷದ ಪುಸ್ತಕ ತಿರುವಿಹಾಕಿಸುವುದು ಒಳ್ಳೆಯದು. ಇಲ್ಲಿ ಶಾಲಾ ವರ್ಷ ಜನವರಿಗೆ ಶುರುವಾಗುವುದರಿಂದ ಜೂನ್‌ನಲ್ಲಿ ಬಂದವರಿಗೆ ಎರಡು ಟರ್ಮ್ ತಪ್ಪಿಹೋಗಿರುತ್ತದೆ.

ಗ್ರೇಡ್ 9ರ ಕೊನೆ

ಗ್ರೇಡ್ 10ಕ್ಕೆ ಮಗು ಏಳು ವಿಷಯ ಆರಿಸಬೇಕು. ಎರಡು ಭಾಷೆ, ಒಂದು ಬಗೆಯ ಗಣಿತ, ಲೈಫ್ ಓರಿಯೆಂಟೇಶನ್ (ಬದುಕಿನ ಕೌಶಲದ ಪಾಠ) ಕಡ್ಡಾಯ. ಮೂರು ನಿಮ್ಮ ಆಯ್ಕೆ. ಟೆಕ್ನಾಲಜಿ ಇಲ್ಲಿಗೆ ನಿಂತು, ಅದರಿಂದ ನಾಲ್ಕು ದಾರಿ ಒಡೆಯುತ್ತವೆ: ಎಂಜಿನಿಯರಿಂಗ್ ಗ್ರಾಫಿಕ್ಸ್ ಆ್ಯಂಡ್ ಡಿಸೈನ್, ಸಿವಿಲ್, ಎಲೆಕ್ಟ್ರಿಕಲ್, ಮೆಕ್ಯಾನಿಕಲ್ ಟೆಕ್ನಾಲಜಿ. ಮೊದಲನೆಯದು ಅನೇಕ ಸಾಮಾನ್ಯ ಶಾಲೆಗಳಲ್ಲೂ ಇದೆ. ಉಳಿದ ಮೂರಕ್ಕೆ ಕಾರ್ಯಾಗಾರ ಬೇಕು, ಅವು ಹೆಚ್ಚಾಗಿ ಟೆಕ್ನಿಕಲ್ ಹೈಸ್ಕೂಲ್‌ಗಳಲ್ಲಿ. ಅಲ್ಲಿ ಮತ್ತೆ ಕವಲುಗಳಿವೆ. ಮೆಕ್ಯಾನಿಕಲ್ ಅಂದರೆ ಆಟೋಮೋಟಿವ್, ಫಿಟ್ಟಿಂಗ್ ಮತ್ತು ಮಶಿನಿಂಗ್, ವೆಲ್ಡಿಂಗ್ ಹೀಗೆ. ಕಂಪ್ಯೂಟರ್ ಬೇಕಾದವರಿಗೆ ಸಿ.ಎ.ಟಿ. (ಕಂಪ್ಯೂಟರ್ ಅಪ್ಲಿಕೇಶನ್ಸ್ ಟೆಕ್ನಾಲಜಿ) ಮತ್ತು ಐ.ಟಿ. (ಇನ್ಫರ್ಮೇಶನ್ ಟೆಕ್ನಾಲಜಿ) ಅಂತ ಬೇರೆಯೇ ವಿಷಯಗಳಿವೆ, ಅವಕ್ಕೂ ಇದಕ್ಕೂ ನಂಟಿಲ್ಲ.

ಗಣಿತದ ಆಯ್ಕೆಯಲ್ಲಿ ಹುಷಾರು. ಮ್ಯಾಥಮ್ಯಾಟಿಕ್ಸ್, ಮ್ಯಾಥಮ್ಯಾಟಿಕಲ್ ಲಿಟರಸಿ, ಟೆಕ್ನಿಕಲ್ ಮ್ಯಾಥಮ್ಯಾಟಿಕ್ಸ್ ಅಂತ ಮೂರಿವೆ. ಲಿಟರಸಿ ಆರಿಸಿದರೆ ಅಂಕ ಸುಲಭ, ಆದರೆ ಎಂಜಿನಿಯರಿಂಗ್ ಪದವಿಯ ಬಾಗಿಲು ಮುಚ್ಚಿದಂತೆಯೇ. ವಿಶ್ವವಿದ್ಯಾಲಯಗಳು ಎಂಜಿನಿಯರಿಂಗ್‌ಗೆ ಸಾಮಾನ್ಯವಾಗಿ ಮ್ಯಾಥಮ್ಯಾಟಿಕ್ಸ್ ಮತ್ತು ಫಿಸಿಕಲ್ ಸೈನ್ಸಸ್ (ಭೌತಶಾಸ್ತ್ರ, ರಸಾಯನಶಾಸ್ತ್ರ ಸೇರಿದ ವಿಷಯ) ಎರಡನ್ನೂ ಕೇಳುತ್ತವೆ. ಟೆಕ್ನಿಕಲ್ ಮ್ಯಾಥಮ್ಯಾಟಿಕ್ಸ್ 2016ರಲ್ಲಿ ಗ್ರೇಡ್ 10ಕ್ಕೆ ಬಂತು. ಅದನ್ನು ಯಾವ ಕೋರ್ಸ್ ಒಪ್ಪುತ್ತದೆ ಅಂತ ಆಯಾ ವಿಶ್ವವಿದ್ಯಾಲಯದ ಪ್ರವೇಶ ನಿಯಮದಲ್ಲಿ ನೋಡಿಯೇ ಆರಿಸಿ. ಮುಂದೆ ಭಾರತದಲ್ಲಿ ಓದಿಸುವ ಯೋಚನೆ ಇದ್ದರೆ ಭೌತಶಾಸ್ತ್ರ, ಗಣಿತ ಬಿಡಲೇಬೇಡಿ.

ಆಯ್ಕೆಯ ಫಾರ್ಮನ್ನು ಶಾಲೆ ಗ್ರೇಡ್ 9ರಲ್ಲೇ ಕಳಿಸುತ್ತದೆ. ಅದಕ್ಕೆ ಮೊದಲೇ ಟೆಕ್ನಾಲಜಿ ಟೀಚರ್ ಹತ್ತಿರ ಹೋಗಿ, ಮಗುವಿಗೆ ಡ್ರಾಯಿಂಗ್ ಕೈಹಿಡಿದಿದೆಯೋ ಸರ್ಕ್ಯೂಟ್ ಹಿಡಿದಿದೆಯೋ ಕೇಳಿ. ಮೂರು ವರ್ಷದ ಮಿನಿ ಪ್ಯಾಟ್ ನೋಡಿದವರು ಅವರೇ. ನಿಮ್ಮ ಶಾಲೆಯಲ್ಲಿ ಗ್ರಾಫಿಕ್ಸ್ ವಿಷಯ ಇಲ್ಲದಿದ್ದರೆ, ಇರುವ ಶಾಲೆಗೆ ಗ್ರೇಡ್ 10ಕ್ಕೆ ಸೇರಲು ಅರ್ಜಿ ಯಾವಾಗ ಹಾಕಬೇಕು ಅನ್ನುವುದನ್ನೂ ಆಗಲೇ ವಿಚಾರಿಸಿಕೊಳ್ಳಿ.