ಬೀರು ಎತ್ತಲು ತೋಳ್ಬಲ ಬೇಡ, ಹಾರೆ ಸಾಕು

ಹೋದ ತಿಂಗಳು ನನ್ನ ತಂಗಿಯ ಮಕ್ಕಳಿಬ್ಬರು ಕಬ್ಬಿಣದ ಬೀರುವನ್ನು ಒಂದು ಗೋಡೆಯಿಂದ ಇನ್ನೊಂದು ಗೋಡೆಗೆ ಸರಿಸಲು ಹೊರಟರು. ಇಬ್ಬರೂ ಗಟ್ಟಿಮುಟ್ಟಾದ ಹುಡುಗರು. ಬೀರುವಿನ ಒಳಗಿದ್ದ ಸಾಮಾನು ತೆಗೆದಿರಲಿಲ್ಲ. ಮೇಲುಗಡೆ ಕೈಯಿಟ್ಟು ನೂಕಿದರು, ಬೀರು ವಾಲಿತು. ಆಮೇಲೆ ಕೆಳಗೆ ಬೆರಳು ತೂರಿಸಿ, ಸೊಂಟ ಬಗ್ಗಿಸಿ, ಹಲ್ಲು ಕಚ್ಚಿ ಎತ್ತಿದರು. ಅರ್ಧ ಗಂಟೆಗೆ ನೆಲದ ಮೇಲೆ ಎರಡು ಉದ್ದ ಗೀರು, ಒಬ್ಬನಿಗೆ ಸೊಂಟ ಹಿಡಿತ. ಬೀರು ಮಾತ್ರ ಒಂದು ಮೊಳವೂ ಸರಿದಿರಲಿಲ್ಲ. "ದೊಡ್ಡಮ್ಮ, ಇದು ನಮ್ಮಿಂದ ಆಗಲ್ಲ, ಇನ್ನೂ ನಾಲ್ಕು ಜನ ಬೇಕು" ಅಂದರು. ನಾನು ಹಾರೆ ತರಲು ಹೇಳಿದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಶಾಲೆಯಲ್ಲಿ ಸನ್ನೆ (ಅಂದರೆ ಹಾರೆಯಂಥ ಮೀಟುಗೋಲು), ರಾಟೆ, ಇಳಿಜಾರು ಅಂತ ಸರಳ ಯಂತ್ರಗಳ ಬಗ್ಗೆ ಪುಟಗಟ್ಟಲೆ ಓದಿ ಪಾಸಾದವರು ಮನೆಯಲ್ಲಿ ಸೊಂಟ ಮುರಿದುಕೊಳ್ಳುವುದನ್ನು ನೋಡಿ ನನಗೆ ಸಾಕಾಗಿದೆ.

ಮೊದಲು ಒಂದು ವಿಷಯ ತಲೆಯಲ್ಲಿ ಕೂರಲಿ. ನೀವು ಹಾಕಿದ ಬಲವನ್ನು, ಆ ಬಲದ ದಿಕ್ಕಿನಲ್ಲಿ ವಸ್ತು ಸರಿದ ದೂರದಿಂದ ಗುಣಿಸಿದರೆ ಬರುವುದೇ ಕೆಲಸ. ವಿಜ್ಞಾನದಲ್ಲಿ ಕೆಲಸ ಅಂದರೆ ಇಷ್ಟೇ. ಅದನ್ನು ಅಳೆಯುವ ಮಾನ ಜೂಲ್. ಒಂದು ಕಿಲೋ ತೂಕವನ್ನು ಒಂದು ಮೀಟರ್ ಮೇಲೆತ್ತಿದರೆ ಸುಮಾರು 9.8 ಜೂಲ್. ಹತ್ತು ಕಿಲೋ ತೂಗುವ ತುಂಬಿದ ಬಕೆಟ್ಟನ್ನು ಎಂಟು ಮೀಟರ್ ಆಳದ ಬಾವಿಯಿಂದ ಸೇದಿದರೆ 784 ಜೂಲ್. ಈ ಲೆಕ್ಕವನ್ನು ಯಾವ ಯಂತ್ರದಿಂದಲೂ ಕಡಿಮೆ ಮಾಡಲು ಆಗುವುದಿಲ್ಲ. ಒಂದು ರಾಟೆಯಿಂದ ಎಳೆದರೆ ಹಗ್ಗವನ್ನು ಕೆಳಗೆ ಜಗ್ಗುವ ಸುಖ ಸಿಗುತ್ತದೆ, ಮೈ ಭಾರವನ್ನೇ ಹಾಕಬಹುದು. ಆದರೆ ಬಲ ಅಷ್ಟೇ ಬೇಕು. ಬಕೆಟ್ಟಿನ ಜೊತೆ ಮೇಲೇರುವ ಇನ್ನೊಂದು ರಾಟೆ ಕಟ್ಟಿದರೆ ಬಲ ಅರ್ಧವಾಗುತ್ತದೆ, ಆಗ ಎಂಟು ಮೀಟರಿಗೆ ಬದಲು ಹದಿನಾರು ಮೀಟರ್ ಹಗ್ಗ ಎಳೆಯಬೇಕು. ಬಲ ಉಳಿಸಿದರೆ ದೂರ ತೆರಬೇಕು. ಸರಳ ಯಂತ್ರ ಮಾಡಿಕೊಡುವುದು ಈ ಅದಲು ಬದಲನ್ನು. ನಮ್ಮ ಸೊಂಟಕ್ಕೆ ಬೇಕಾದದ್ದೂ ಅದೇ, ಅಲ್ವಾ? ದೂರ ಎಷ್ಟು ಬೇಕಾದರೂ ಕೊಡೋಣ, ಬಲ ಮಾತ್ರ ನಮ್ಮ ಮೈಗೆ ಒಗ್ಗುವಷ್ಟೇ ಇರಲಿ.

ನಮ್ಮ ಅಮ್ಮ ತೆಳ್ಳಗಿದ್ದರು. ಗಾಳಿ ಬೀಸಿದರೆ ಹಾರಿಹೋಗುತ್ತಾರೇನೋ ಅನ್ನುವಂಥ ಮೈ. ಹಿತ್ತಲಿನಲ್ಲಿ ಬಟ್ಟೆ ಒಗೆಯುವ ಕಲ್ಲು ಚಪ್ಪಡಿ ಒಂದು ಕಡೆ ಕುಸಿದಿತ್ತು. ಗಂಡಸರು ನಾಳೆ ನಾಡಿದ್ದು ಅನ್ನುತ್ತಾ ದಿನ ತಳ್ಳಿದರು. ಒಂದು ಮಧ್ಯಾಹ್ನ ಅಮ್ಮ ಹಾರೆ, ಒಂದು ಮರದ ತುಂಡು, ನಾಲ್ಕು ಚಿಕ್ಕ ಕಲ್ಲು ತಗೊಂಡು ಹೋಗಿ ಒಬ್ಬರೇ ಅದನ್ನು ಎತ್ತಿ ನೆಟ್ಟಗೆ ಕೂರಿಸಿದರು. ನಾನಾಗ ಚಿಕ್ಕವಳು, ಪಕ್ಕದಲ್ಲಿ ಕೂತು ಚಿಕ್ಕ ಕಲ್ಲುಗಳನ್ನು ಒಂದೊಂದಾಗಿ ಕೊಡುತ್ತಿದ್ದೆ. ಅವರು ಒಮ್ಮೆಯೂ ಏದುಸಿರು ಬಿಡಲಿಲ್ಲ. ಈಗ ಹೇಳುವುದು ಅವರಿಂದ ಕಲಿತದ್ದು. ಗಮನವಿಟ್ಟು ಓದಿ, ಯಾಕೆಂದರೆ ಎಲ್ಲರೂ ಕೆಡಿಸುವುದು ಇಲ್ಲೇ.

ಹಾರೆ ಉದ್ದವಿರಲಿ, ನೆಲದಿಂದ ಎದೆಯವರೆಗಾದರೂ ಬರಬೇಕು. ಸುಮಾರು 150 ಸೆಂಟಿಮೀಟರ್ ಅಂತಿಟ್ಟುಕೊಳ್ಳಿ. ಅದಕ್ಕೆ ಒಂದು ಆನಿಕೆ ಬೇಕು, ಅಂದರೆ ಹಾರೆ ಒರಗಿ ತಿರುಗುವ ತುಂಡು. ಮೆತ್ತನೆ ಮರ, ಇಟ್ಟಿಗೆ, ಮಡಚಿದ ಗೋಣಿ ಯಾವುದೂ ಬೇಡ. ಇಟ್ಟಿಗೆ ಪುಡಿಯಾಗುತ್ತದೆ, ಮೆತ್ತನೆ ಮರದೊಳಗೆ ಹಾರೆ ಕೂತುಬಿಡುತ್ತದೆ. ನೀವು ಒತ್ತಿದ್ದೆಲ್ಲ ಮರ ಜಜ್ಜುವುದಕ್ಕೇ ಖರ್ಚು. ಗಟ್ಟಿ ಮರದ ತುಂಡು ಬೇಕು, ಮೇಲಿನ ಅಂಚು ಸ್ವಲ್ಪ ದುಂಡಗಿರಲಿ.

ಈ ತುಂಡನ್ನು ಎಲ್ಲಿಡಬೇಕು? ನನ್ನ ತಂಗಿಯ ಮಗ ಹಾರೆಯ ನಟ್ಟ ನಡುವೆ ಇಟ್ಟ. ನಡುವೆ ಇಟ್ಟರೆ ಎರಡೂ ಕಡೆ 75 ಸೆಂಟಿಮೀಟರ್, ಏನೂ ಲಾಭವಿಲ್ಲ. ಬೀರು 120 ಕಿಲೋ ಇದೆ ಅಂತ ಇಟ್ಟುಕೊಳ್ಳಿ. ಒಂದೇ ಬದಿ ಮೀಟುವಾಗ ಸುಮಾರು ಅರ್ಧ ಭಾರ ಆಚೆ ಬದಿಯ ಕಾಲುಗಳು ಹೊರುತ್ತವೆ. ನಮಗೆ ಉಳಿದದ್ದು 60 ಕಿಲೋ. ಆನಿಕೆ ನಡುವೆ ಇದ್ದರೆ ಆ 60 ಕಿಲೋವನ್ನೂ ನೀವೇ ಒತ್ತಬೇಕು. ಅದೇ ತುಂಡನ್ನು ಬೀರುವಿನ ಕಡೆಯ ತುದಿಯಿಂದ ಒಂದು ಅಂಗೈ ಅಗಲ, ಅಂದರೆ 10 ಸೆಂಟಿಮೀಟರ್ ದೂರಕ್ಕೆ ತನ್ನಿ. ಆಗ ಆ ಕಡೆ 10, ನಿಮ್ಮ ಕಡೆ 140. ಹದಿನಾಲ್ಕು ಪಟ್ಟು. ನಾಲ್ಕೈದು ಕಿಲೋ ತೂಕದಷ್ಟು ಒತ್ತಿದರೆ ಬೀರು ಎದ್ದು ನಿಲ್ಲುತ್ತದೆ. ಆ ಹುಡುಗ ಒಂದೇ ಕೈಯಲ್ಲಿ ಒತ್ತಿ ಬಾಯಿ ಬಿಟ್ಟುಕೊಂಡು ನೋಡಿದ. ಬೀರು ಎರಡು ಸೆಂಟಿಮೀಟರ್ ಏಳಬೇಕಾದರೆ ನಿಮ್ಮ ಕೈ 28 ಸೆಂಟಿಮೀಟರ್ ಕೆಳಗೆ ಬರಬೇಕು. ನಾನು ಹೇಳಿದ ಬೆಲೆ ಇದೇ. ಒಂದು ಗೇಣಿಗಿಂತ ಸ್ವಲ್ಪ ಜಾಸ್ತಿ ಕೈ ಇಳಿಸುವುದು ಕಷ್ಟವೇ?

ಇನ್ನೊಂದು ಮಾತು ಯಾರೂ ಹೇಳಿಕೊಡುವುದಿಲ್ಲ. ಬೀರುವಿನ ಭಾರ, ನಿಮ್ಮ ಕೈ ಒತ್ತಿದ ಬಲ, ಎರಡೂ ಸೇರಿ ಆ ಪುಟ್ಟ ಮರದ ತುಂಡಿನ ಮೇಲೇ ಬೀಳುತ್ತವೆ. ಅಷ್ಟು ಭಾರ ಅಷ್ಟು ಚಿಕ್ಕ ಜಾಗದಲ್ಲಿ. ತುಂಡನ್ನು ನೇರವಾಗಿ ಟೈಲ್ಸ್ ಮೇಲಿಟ್ಟರೆ ಟೈಲ್ಸ್ ಬಿರಿಯುತ್ತದೆ. ಅದಕ್ಕೆ ಕೆಳಗೆ ಒಂದು ಅಗಲ ಹಲಗೆ, ಹಲಗೆಯ ಕೆಳಗೆ ನಾಲ್ಕು ಮಡಿಕೆ ಹಳೆ ಬಟ್ಟೆ. ಭಾರ ಹರಡಿಕೊಳ್ಳುತ್ತದೆ, ನೆಲವೂ ಉಳಿಯುತ್ತದೆ. ಮಡಿಕೆ ಸುಕ್ಕಾಗದಂತೆ ಅಂಗೈಯಲ್ಲಿ ಸವರಿ ಹಾಸಿ. ನನಗೆ ಇದು ಎಷ್ಟು ಮುಖ್ಯ ಅಂದರೆ, ಬಟ್ಟೆ ಹಾಸದೆ ಯಾರಾದರೂ ಹಾರೆ ಎತ್ತಿದರೆ ನಾನು ಕೈ ಹಿಡಿದು ನಿಲ್ಲಿಸುತ್ತೇನೆ.

ಹಾರೆಯ ತುದಿ ಬೀರುವಿನ ಕಾಲಿನ ಹತ್ತಿರ, ಗಟ್ಟಿ ಚೌಕಟ್ಟಿನ ಕೆಳಗೆ ಹೋಗಬೇಕು. ನಡುವಿನ ತೆಳು ತಗಡಿಗೆ ಕೊಟ್ಟರೆ ಕುಳಿ ಬೀಳುತ್ತದೆ. ಬಾಗಿಲು ಮುಚ್ಚಿ ಬೀಗ ಹಾಕಿರಿ. ತೋಳು ನೇರ ಇಟ್ಟು ಮೈ ಭಾರವನ್ನು ಮೆಲ್ಲಗೆ ಬಿಡಿ, ಜಗ್ಗಬೇಡಿ. ಕೆಲವರು ಹಾರೆಯ ತುದಿಯನ್ನು ನೆಲಕ್ಕೆ ಊರಿ ಇನ್ನೊಂದು ತುದಿಯನ್ನು ಮೇಲೆತ್ತುತ್ತಾರೆ. ಲೆಕ್ಕದಲ್ಲಿ ಅದೂ ಸರಿಯೇ. ಆದರೆ ಮೇಲೆತ್ತುವಾಗ ಸೊಂಟ ದುಡಿಯುತ್ತದೆ, ಕೆಳಗೆ ಒತ್ತುವಾಗ ನಿಮ್ಮ ತೂಕವೇ ದುಡಿಯುತ್ತದೆ.

ಬೀರು ಒಂದು ಬೆರಳು ಎದ್ದ ಕೂಡಲೇ ಪಕ್ಕದಲ್ಲಿರುವವರು ಮರದ ಪಟ್ಟಿಯನ್ನು ಕೋಲಿನಿಂದ ಕಾಲಿನ ಕೆಳಗೆ ನೂಕಬೇಕು. ಕೈಯಿಂದ ಅಲ್ಲ! ಭಾರ ಎಷ್ಟೇ ಹಗುರವಾಗಿ ಎದ್ದರೂ ಹಾರೆ ಜಾರಿದರೆ ಅರವತ್ತು ಕಿಲೋ ಬೆರಳ ಮೇಲೇ ಬರುತ್ತದೆ. ನನ್ನ ಎಡಗೈ ಕಿರುಬೆರಳಿನ ಉಗುರು ಇಂದಿಗೂ ಸೊಟ್ಟಗಿದೆ, ಅದಕ್ಕೇ ಇಷ್ಟು ಹೇಳುತ್ತೇನೆ. ಒಂದು ಬದಿಗೆ ಪಟ್ಟಿ ಇಟ್ಟಾದ ಮೇಲೆ ಆ ಬದಿಗೆ, ಮತ್ತೆ ಈ ಬದಿಗೆ. ಒಂದೊಂದು ಬೆರಳು ದಪ್ಪದಂತೆ ಸರದಿಯಲ್ಲಿ ಏರಿಸಿ. ಒಂದೇ ಬದಿಯನ್ನು ಒಮ್ಮೆಗೇ ಗೇಣುದ್ದ ಎತ್ತಿದರೆ ಬೀರು ಆಚೆಗೆ ಮಗುಚುತ್ತದೆ.

ಸಾಕಷ್ಟು ಎದ್ದ ಮೇಲೆ ಕಾಲುಗಳ ಕೆಳಗೆ ಎರಡು ಉದ್ದ ಹಲಗೆ, ಹಲಗೆಯ ಕೆಳಗೆ ಅಡ್ಡಡ್ಡ ಮೂರು ದುಂಡನೆ ಪೈಪು. ಈಗ ಅಂಗೈಯಲ್ಲಿ ನೂಕಿ. ಉರುಳಿಕೊಂಡು ಹೋಗುತ್ತದೆ. ಪೈಪು ಒಂದು ಮೊಳ ಸರಿದರೆ ಬೀರು ಎರಡು ಮೊಳ ಸರಿಯುತ್ತದೆ, ಅದಕ್ಕೇ ಪೈಪುಗಳು ಹಿಂದೆ ಉಳಿಯುತ್ತವೆ. ಹಿಂದೆ ಬಿದ್ದದ್ದನ್ನು ತೆಗೆದು ಮುಂದೆ ಇಡುತ್ತಾ ಹೋಗಿ. ನೂಕುವಾಗ ಕೈ ನಡುಮಟ್ಟಕ್ಕಿಂತ ಕೆಳಗಿರಲಿ, ಮೇಲೆ ನೂಕಿದರೆ ವಾಲುತ್ತದೆ ಅಂತ ಆಗಲೇ ಹೇಳಿದೆ. ಜಾಗಕ್ಕೆ ಬಂದ ಮೇಲೆ ಇದೇ ಹಾರೆಯಿಂದ, ಇದೇ ಸರದಿಯಲ್ಲಿ, ಒಂದೊಂದು ಪಟ್ಟಿ ತೆಗೆಯುತ್ತಾ ಇಳಿಸಿ.

ಬೀರು ಸರಿಸಿದ ದಿನ ಅದರ ಹಿಂದಿನ ಗೋಡೆಯನ್ನು ಹಾಗೇ ಬಿಡಬೇಡಿ. ಮೊದಲು ಒಣ ಬಟ್ಟೆಯಿಂದ ಧೂಳು ತೆಗೆಯಿರಿ. ನೇರವಾಗಿ ಒದ್ದೆ ಬಟ್ಟೆ ಹಾಕಿದರೆ ಧೂಳು ಕೆಸರಾಗಿ ಗೋಡೆಗೆ ಅಂಟುತ್ತದೆ. ಆಮೇಲೆ ಹಿಂಡಿದ ಬಟ್ಟೆ. ಗೋಡೆ ಪೂರ್ತಿ ಒಣಗಿದ ಮೇಲೆ ಬೀರು, ಅದೂ ನಾಲ್ಕು ಬೆರಳು ಬಿಟ್ಟು.

ಉರುಳುವುದು ಯಾಕೆ ಇಷ್ಟು ಸುಲಭ? ಎಳೆದಾಗ ಬೀರುವಿನ ಕಾಲು, ನೆಲ ಎರಡೂ ಉಜ್ಜಿಕೊಳ್ಳುತ್ತವೆ. ಆ ಘರ್ಷಣೆ ನಿಮ್ಮ ಶಕ್ತಿಯನ್ನು ಬಿಸಿಯಾಗಿ ತಿಂದುಹಾಕುತ್ತದೆ. ಉರುಳುವಾಗ ಆ ಉಜ್ಜಾಟ ತೀರಾ ಕಡಿಮೆ. ಶಕ್ತಿ ಎಲ್ಲಿಗೂ ಹೋಗುವುದಿಲ್ಲ, ರೂಪ ಬದಲಾಯಿಸುತ್ತದೆ, ಅಷ್ಟೇ. ಜೇಮ್ಸ್ ಜೂಲ್ ಎಂಬಾತ 1840ರ ದಶಕದಲ್ಲಿ ಇದನ್ನೇ ಅಳೆದು ತೋರಿಸಿದ. ಕೆಳಗೆ ಇಳಿಯುವ ತೂಕದಿಂದ ನೀರೊಳಗಿನ ರೆಕ್ಕೆಗಳನ್ನು ತಿರುಗಿಸಿ, ನೀರು ಎಷ್ಟು ಬಿಸಿಯಾಯಿತು ಎಂದು ನೋಡಿದ. ಒಂದು ಲೀಟರ್ ನೀರನ್ನು ಒಂದು ಡಿಗ್ರಿ ಸೆಲ್ಸಿಯಸ್ ಬಿಸಿ ಮಾಡಲು ಬೇಕಾಗುವ ಶಕ್ತಿಯಲ್ಲಿ ಒಂದು ಕಿಲೋ ಕಲ್ಲನ್ನು ಸುಮಾರು 427 ಮೀಟರ್ ಮೇಲೆತ್ತಬಹುದು! ನೀರು ಕಾಯಿಸಿ ಮರೆತುಹೋಗುವವರು ಈ ಲೆಕ್ಕವನ್ನು ಒಮ್ಮೆ ನೆನೆಯಲಿ. ಒಂದು ಯೂನಿಟ್ ಕರೆಂಟ್ ಅಂದರೆ 36 ಲಕ್ಷ ಜೂಲ್. ಹತ್ತು ಕಿಲೋ ಬಕೆಟ್ಟನ್ನು ಮೂರು ಮೀಟರ್ ಎತ್ತರಕ್ಕೆ ಹನ್ನೆರಡು ಸಾವಿರಕ್ಕೂ ಹೆಚ್ಚು ಸಲ ಎತ್ತುವಷ್ಟು ಕೆಲಸ ಅದರಲ್ಲಿದೆ.

ಇನ್ನು ಇಳಿಜಾರು. ಒಂದು ಮೀಟರ್ ಎತ್ತರದ ಜಗಲಿಗೋ ಗಾಡಿಗೋ ಭಾರದ ಪೆಟ್ಟಿಗೆ ಏರಿಸಬೇಕಾದಾಗ ಹುಡುಗರು ಹುಡುಕುವುದು ಕೈಗೆ ಸಿಕ್ಕ ಗಿಡ್ಡ ಹಲಗೆ. ಎತ್ತರದ ನಾಲ್ಕು ಪಟ್ಟು ಉದ್ದದ ಹಲಗೆ ತನ್ನಿ. ಘರ್ಷಣೆ ಬಿಟ್ಟರೆ ಬಲ ಕಾಲು ಭಾಗ ಸಾಕು. 80 ಕಿಲೋ ಪೆಟ್ಟಿಗೆ 20 ಕಿಲೋ ಆದ ಹಾಗೆ. ನೀವು ದಿನಾ ತಿರುಗಿಸುವ ಸ್ಕ್ರೂ ಕೂಡ ಒಂದು ಸರಳಿನ ಸುತ್ತ ಸುತ್ತಿಕೊಂಡ ಇಳಿಜಾರೇ. ಕಾಗದವನ್ನು ಓರೆಯಾಗಿ ಕತ್ತರಿಸಿ ಪೆನ್ಸಿಲ್ಲಿಗೆ ಸುತ್ತಿ ನೋಡಿ, ಗೊತ್ತಾಗುತ್ತದೆ. ಸ್ಕ್ರೂವಿನ ಮರೆ, ಅಂದರೆ ಅದರ ಮೈಮೇಲಿನ ಸುರುಳಿ ಏಣು, ಹತ್ತಿರ ಹತ್ತಿರ ಇದ್ದಷ್ಟೂ ಜಾಸ್ತಿ ಸುತ್ತು, ಕಡಿಮೆ ಬಲ. ಸ್ಕ್ರೂಡ್ರೈವರಿನ ಹಿಡಿ ದಪ್ಪ ಇರುವುದು ಚೆಂದಕ್ಕಲ್ಲ. ದಪ್ಪ ಹಿಡಿಯ ಅಂಚು ದೊಡ್ಡ ಸುತ್ತು ಬರುತ್ತದೆ, ತುದಿ ಚಿಕ್ಕ ಸುತ್ತು ಬರುತ್ತದೆ, ಆ ವ್ಯತ್ಯಾಸವೇ ನಿಮಗೆ ಬಲ ಕೊಡುವುದು. ಅದಕ್ಕೇ ಸಣ್ಣ ಹಿಡಿಯದನ್ನು ಕೊಟ್ಟು ತುಕ್ಕು ಹಿಡಿದ ಸ್ಕ್ರೂ ಬಿಚ್ಚಲು ನನಗೆ ಹೇಳಬೇಡಿ.

ಬಾಗಿಲನ್ನು ಕೀಲಿನ ಹತ್ತಿರ ನೂಕುವವರನ್ನು ಕಂಡರೂ ನನಗೆ ಕೋಪ ಬರುತ್ತದೆ. ಹಿಡಿ ದೂರ ಇಟ್ಟಿರುವುದು ಸುಮ್ನೆ ಅಲ್ಲ. ಕತ್ತರಿಯಲ್ಲಿ ದಪ್ಪ ಬಟ್ಟೆಯನ್ನು ತುದಿಯಿಂದ ಕತ್ತರಿಸಲು ಒದ್ದಾಡುವವರೂ ಇದ್ದಾರೆ. ಬಟ್ಟೆಯನ್ನು ಕೀಲಿನ ತನಕ ಒಳಗೆ ತನ್ನಿ, ಬೆಣ್ಣೆಯಂತೆ ಹೋಗುತ್ತದೆ.

ಭಾರ ಹೊತ್ತುಕೊಂಡು ನಿಂತು ಮಾತಾಡುವ ಅಭ್ಯಾಸವನ್ನೂ ಬಿಡಿ. ಚೀಲ ಹೊತ್ತು ನಿಂತಿದ್ದರೆ ಚೀಲ ಮೇಲೆಯೂ ಹೋಗಲಿಲ್ಲ, ಕೆಳಗೂ ಬರಲಿಲ್ಲ. ಲೆಕ್ಕದ ಪ್ರಕಾರ ಚೀಲದ ಮೇಲೆ ಆದ ಕೆಲಸ ಸೊನ್ನೆ. ಆದರೆ ಸ್ನಾಯುಗಳು ಒಳಗೇ ಬಿಗಿಯುತ್ತಾ ಸಡಿಲವಾಗುತ್ತಾ ಶಕ್ತಿ ಸುಡುತ್ತಿರುತ್ತವೆ, ಅಷ್ಟೂ ಬಿಸಿಯಾಗಿ ಹೋಗುತ್ತದೆ. ಕೆಳಗಿಟ್ಟು ಮಾತಾಡಿ.

ಕೆಲಸ ಮುಗಿದ ಮೇಲೆ ಹಾರೆಯನ್ನು ಗೋಡೆಗೆ ಒರಗಿಸಿ ಹೋಗಬೇಡಿ. ನಿಂತ ಹಾರೆಯಲ್ಲಿ ಎತ್ತರದ ಶಕ್ತಿ ಕೂತಿರುತ್ತದೆ. ಮಗು ಮುಟ್ಟಿದರೂ ಸಾಕು, ಅದಷ್ಟೂ ವೇಗವಾಗಿ ಬದಲಾಗಿ ಯಾರದೋ ಕಾಲ ಮೇಲೆ ಬೀಳುತ್ತದೆ. ಗೋಡೆಯ ಬುಡದಲ್ಲಿ ಉದ್ದಕ್ಕೆ ಮಲಗಿಸಿಡಿ. ಆನಿಕೆಯ ತುಂಡನ್ನೂ ಅದರ ಪಕ್ಕದಲ್ಲೇ ಇಡಿ. ಒಲೆಗೋ ಕಸಕ್ಕೋ ಹಾಕಿಬಿಟ್ಟರೆ ಮುಂದಿನ ಸಲ ಮತ್ತೆ ಇಟ್ಟಿಗೆ ಹುಡುಕುತ್ತೀರಿ.