2⁶⁷−1 ಭಾಗಿಸುವಾಗ ಉತ್ತರ ತಪ್ಪುತ್ತಿತ್ತು, ಸರಿಹೋದ ಬಗೆ

ಸಂಖ್ಯೆ 147573952589676412927. ಇದರ ಅಪವರ್ತನಗಳನ್ನು, ಅಂದರೆ ಇದನ್ನು ನಿಶ್ಶೇಷವಾಗಿ ಭಾಗಿಸುವ ಸಂಖ್ಯೆಗಳನ್ನು, ಹುಡುಕಬೇಕಿತ್ತು. ಎಕ್ಸೆಲ್‌ನಲ್ಲಿ ಹಾಕಿದರೆ ಕೊನೆಯ ಆರು ಅಂಕಿ ಸೊನ್ನೆ. ಬೆಸ ಸಂಖ್ಯೆ ಸಮ ಸಂಖ್ಯೆಯಾಗಿ ಕೂರುತ್ತದೆ. ಸೆಲ್ ಫಾರ್ಮ್ಯಾಟ್ ಬದಲಿಸಿ ಉಪಯೋಗವಿಲ್ಲ, ಅದು ಉಳಿಸಿಕೊಳ್ಳುವುದೇ 15 ಅಂಕಿ. ಟೆಕ್ಸ್ಟ್ ಮಾಡಿದರೆ ಅಂಕಿ ಉಳಿಯುತ್ತವೆ, ಲೆಕ್ಕ ಆಗುವುದಿಲ್ಲ.

ಪೈಥಾನ್‌ನಲ್ಲೂ ಒಂದೇ ಓರೆಗೀಟಿನಿಂದ (/) ಭಾಗಿಸಬೇಡಿ. ಭಾಗಲಬ್ಧ 2⁵³ ದಾಟಿದರೆ ದಶಮಾಂಶ ಉಳಿಯಲು ಜಾಗವೇ ಇಲ್ಲ, ಹಾಗಾಗಿ 16384ಕ್ಕಿಂತ ಚಿಕ್ಕ ಸಂಖ್ಯೆಗಳೆಲ್ಲ ನಿಶ್ಶೇಷವಾಗಿ ಭಾಗಿಸಿದಂತೆ ಕಾಣುತ್ತದೆ. ಶೇಷಕ್ಕೆ %, ಭಾಗಲಬ್ಧಕ್ಕೆ // ಮಾತ್ರ.

ಕೆಲಸ ಆದದ್ದು ಹೀಗೆ. 67 ಅವಿಭಾಜ್ಯ, ಆದ್ದರಿಂದ ಈ ಸಂಖ್ಯೆಯ ಯಾವ ಅಪವರ್ತನವೂ 134ಕ+1 ರೂಪದ್ದೇ (ಕ ಒಂದು ಪೂರ್ಣ ಸಂಖ್ಯೆ), ಜೊತೆಗೆ 8ರಿಂದ ಭಾಗಿಸಿದಾಗ ಶೇಷ 1 ಅಥವಾ 7. ಅಂದರೆ ಕ ಅನ್ನು 4ರಿಂದ ಭಾಗಿಸಿದಾಗ ಶೇಷ 0 ಅಥವಾ 1 ಬಂದರಷ್ಟೇ ಪರೀಕ್ಷಿಸಿ. ಕ=1ರಿಂದ ಏರಿಕೆ ಕ್ರಮದಲ್ಲೇ ಹೋಗಿ. ಸುಮಾರು 7.2 ಲಕ್ಷ ಪರೀಕ್ಷೆಯಾದ ಮೇಲೆ ಕ=1445580ರಲ್ಲಿ ಸಿಗುತ್ತದೆ: 193707721. ಉಳಿದದ್ದು 761838257287. ಇದರ ವರ್ಗಮೂಲ 9 ಲಕ್ಷಕ್ಕಿಂತ ಕಡಿಮೆ, ಅಷ್ಟರೊಳಗಿನದೆಲ್ಲ ಆಗಲೇ ನೋಡಿಯಾಗಿದೆ. ಹಾಗಾಗಿ ಅದೂ ಅವಿಭಾಜ್ಯ. 1903ರಲ್ಲಿ ಅಮೆರಿಕದ ಗಣಿತಜ್ಞ ಕೋಲ್ ಕೊಟ್ಟ ಜೋಡಿಯೂ ಇದೇ.

ಇನ್ನೂ ದೊಡ್ಡ ಘಾತಕ್ಕೆ ಇಳಿದರೆ ಗಂಟೆಗಟ್ಟಲೆ ಓಡೀತು. ಮಡಿಕೇರಿ ಕಡೆ ಕಕ್ಕಡ ತಿಂಗಳ ಮಳೆಗೆ ಕರೆಂಟು ಎಷ್ಟು ಹೊತ್ತಿಗೂ ಹೋಗಬಹುದು. ಹತ್ತು ಲಕ್ಷಕ್ಕೊಮ್ಮೆ ಕ ಬೆಲೆಯನ್ನು ಫೈಲಿಗೆ ಬರೆದಿಡಿ.