ನುಂಗಿದ್ದು ಮೈಗೆ ಹತ್ತಬೇಕಲ್ಲ

ಬಸವನಗುಡಿಯ ನಮ್ಮ ಪಾರ್ಕಿನಲ್ಲಿ ಬೆಳಗಿನ ವಾಕಿಂಗ್ ಮುಗಿಸಿ ಕಲ್ಲುಬೆಂಚಿನ ಮೇಲೆ ಕೂತರೆ ಈಗ ಮಾತೆಲ್ಲ ಕ್ಯಾಪ್ಸೂಲಿನದ್ದೇ. ಒಬ್ಬರಿಗೆ ಅರಿಶಿನದ್ದು, ಇನ್ನೊಬ್ಬರಿಗೆ ನೆಲ್ಲಿಕಾಯಿಯದ್ದು. ತಿಂದರೆ ಮುಪ್ಪು ಹತ್ತಿರ ಬರಲ್ಲವಂತೆ. ನನಗೆ ಈಗ 72. ಅಂಥ ಮಾತ್ರೆ ಇದೆ ಅಂತ ನಾನು ನಂಬುವುದಿಲ್ಲ. ಆದರೆ ಅಷ್ಟು ದುಡ್ಡು ಕೊಟ್ಟು ತಂದದ್ದು ಮೈಗೆ ಹತ್ತದೆ ಹೋದರೆ ಸಂಕಟ ಆಗುತ್ತದೆ, ಅಲ್ವಾ?

ಎದುರುಮನೆಯ ಸೊಸೆ ದಿನಾ ಬೆಳಿಗ್ಗೆ ಖಾಲಿ ಹೊಟ್ಟೆಗೆ ನೀರು ಕುಡಿದು ಅರಿಶಿನದ ಮಾತ್ರೆ ನುಂಗುತ್ತಿದ್ದಳು. "ಊಟದ ಜೊತೆ ತಗೋಮ್ಮ, ಒಂದು ಚಮಚ ತುಪ್ಪ ಇರಲಿ" ಅಂದೆ. ಅರಿಶಿನದ ಸತ್ವ ಕರ್ಕ್ಯುಮಿನ್ ನೀರಿನಲ್ಲಿ ಕರಗುವುದಿಲ್ಲ, ಜಿಡ್ಡಿನಲ್ಲಿ ಕರಗುತ್ತದೆ. ಅಷ್ಟೋ ಇಷ್ಟೋ ಒಳಗೆ ಹೋದದ್ದನ್ನೂ ಕರುಳು, ಲಿವರ್ ಬೇಗ ಬದಲಾಯಿಸಿ ಹೊರಗೆ ಹಾಕುತ್ತವೆ. ಆ ಕೆಲಸವನ್ನು ನಿಧಾನ ಮಾಡುವುದು ಕಾಳುಮೆಣಸಿನ ಪೈಪರೀನ್.

ಇದನ್ನು ತೋರಿಸಿಕೊಟ್ಟದ್ದು ನಮ್ಮ ಬೆಂಗಳೂರಿನವರೇ ಅನ್ನುವುದು ನನಗೆ ಬಹಳ ಹೆಮ್ಮೆ. ಸೇಂಟ್ ಜಾನ್ಸ್ ಮೆಡಿಕಲ್ ಕಾಲೇಜಿನವರ ಅಧ್ಯಯನ 1998ರಲ್ಲಿ ಪ್ರಕಟವಾಯಿತು. ಆರೋಗ್ಯವಂತರಿಗೆ 2 ಗ್ರಾಂ ಕರ್ಕ್ಯುಮಿನ್ ಮಾತ್ರ ಕೊಟ್ಟಾಗ ರಕ್ತದಲ್ಲಿ ಅದು ಕಂಡೂ ಕಾಣದಷ್ಟಿತ್ತು. ಜೊತೆಗೆ 20 ಮಿಲಿಗ್ರಾಂ ಪೈಪರೀನ್ ಕೊಟ್ಟಾಗ ಸುಮಾರು 20 ಪಟ್ಟು ಹೆಚ್ಚಿತು. ರಕ್ತಕ್ಕೆ ಸೇರಿತು ಅಂದಮಾತ್ರಕ್ಕೆ ಕಾಯಿಲೆ ವಾಸಿಯಾಯಿತು ಅಂತ ಅಲ್ಲ, ಅದು ನೆನಪಿರಲಿ.

ಅಡುಗೆಯ ಅರಿಶಿನದಲ್ಲಿ ಕರ್ಕ್ಯುಮಿನ್ ಇರುವುದು ನೂರಕ್ಕೆ 3 ಪಾಲಿನ ಆಸುಪಾಸು. ಹಾಗಾಗಿ ಸಾರು ಮಾತ್ರೆಗೆ ಸಮ ಅಂತ ನಾನು ಹೇಳುವುದಿಲ್ಲ. ಆದರೆ ಇರುವಷ್ಟನ್ನು ವ್ಯರ್ಥ ಮಾಡಬೇಡಿ. ನಾನು ಮೆಣಸಿನ ಸಾರಿಗೆ ಅರಿಶಿನವನ್ನು ಕುದಿಯುವ ನೀರಿಗೆ ಸುಮ್ನೆ ಉದುರಿಸುವುದಿಲ್ಲ. ತುಪ್ಪ ಬಿಸಿಯಾದ ಮೇಲೆ ಉರಿ ಸಣ್ಣ ಮಾಡಿ, ಅರಿಶಿನ ಹಾಕಿ, ಹತ್ತು ಎಣಿಸುವಷ್ಟರಲ್ಲಿ ಹುಳಿನೀರು ಸುರಿಯುತ್ತೇನೆ. ತಡ ಮಾಡಿದರೆ ಸೀದು ಕಹಿಯಾಗುತ್ತದೆ. ಮೆಣಸನ್ನು ಆಗಿಂದಾಗ್ಗೆ ಕುಟ್ಟಿಕೊಳ್ಳಿ, ಘಮವೇ ಬೇರೆ.

ಕ್ಯಾರೆಟ್, ಟೊಮೆಟೊ, ನುಗ್ಗೆಸೊಪ್ಪಿಗೂ ಜಿಡ್ಡು ಬೇಕು. ಕೋಸಂಬರಿಗೆ ಕಾಯಿತುರಿ ಹಾಕುವುದು ರುಚಿಗೆ ಮಾತ್ರ ಅಲ್ಲ. ಟೊಮೆಟೊವನ್ನು ಎಣ್ಣೆಯಲ್ಲಿ ಬಾಡಿಸಿ ಗೊಜ್ಜು ಮಾಡಿದರೆ ಅದರ ಕೆಂಪು ಸತ್ವ ಹಸಿಯದಕ್ಕಿಂತ ಚೆನ್ನಾಗಿ ಒಳಗೆ ಸೇರುತ್ತದೆ. ನೆಲ್ಲಿಕಾಯಿಗೆ ಮಾತ್ರ ಈ ಮಾತು ಬೇಡ. ಅದರ ಸಿ ವಿಟಮಿನ್ ನೀರಿನಲ್ಲೇ ಕರಗುತ್ತದೆ, ಬೇಯಿಸಿದರೆ ಕಳೆಯುತ್ತದೆ. ಉಪ್ಪು ಹಚ್ಚಿ ಹಸಿಯಾಗಿ ತಿನ್ನಿ.

ಒಂದು ವಿಷಯ ಕೈಮುಗಿದು ಹೇಳುತ್ತೇನೆ. ಪೈಪರೀನ್ ಸೇರಿಸಿದ ಕ್ಯಾಪ್ಸೂಲ್ ಮೈಯಲ್ಲಿ ಹೆಚ್ಚು ಉಳಿಸುವುದು ಅರಿಶಿನದ ಸತ್ವವನ್ನಷ್ಟೇ ಅಲ್ಲ. ಫಿಟ್ಸ್ ಮಾತ್ರೆ, ಕೆಲವು ಬಿಪಿ ಮಾತ್ರೆಗಳೂ ರಕ್ತದಲ್ಲಿ ಜಾಸ್ತಿಯಾಗಬಹುದು. ರಕ್ತ ತೆಳು ಮಾಡುವ ಮಾತ್ರೆ ತೆಗೆದುಕೊಳ್ಳುವವರು ಡಾಕ್ಟರನ್ನು ಕೇಳದೆ ಅರಿಶಿನದ ಕ್ಯಾಪ್ಸೂಲ್ ಮುಟ್ಟಬೇಡಿ. ಇಂಥ ಕ್ಯಾಪ್ಸೂಲುಗಳಿಂದ ಲಿವರ್‌ಗೆ ಪೆಟ್ಟು ಬಿದ್ದದ್ದೂ ಉಂಟು. ಕಣ್ಣು ಹಳದಿಯಾದರೆ, ಮೂತ್ರ ಕಡುಬಣ್ಣಕ್ಕೆ ತಿರುಗಿದರೆ ಅವತ್ತೇ ನಿಲ್ಲಿಸಿ ಡಾಕ್ಟರ ಹತ್ತಿರ ಹೋಗಿ. ಹೋಗುವಾಗ ಡಬ್ಬಿಯನ್ನೂ ಒಯ್ಯಿರಿ, ಹೆಸರು ಬಾಯಲ್ಲಿ ಹೇಳಿದರೆ ಸಾಲದು.

ಎದುರುಮನೆಯ ಸೊಸೆಯ ಮಾವನವರಿಗೆ ರಕ್ತ ತೆಳುವಾಗುವ ಮಾತ್ರೆ ನಡೆಯುತ್ತಿದೆ. ಅವಳು ಈಗ ತನ್ನ ಡಬ್ಬಿಯನ್ನು ಊಟದ ಮೇಜಿನಿಂದ ತೆಗೆದು ತನ್ನ ಬೀರುವಿನಲ್ಲಿ ಇಟ್ಟುಕೊಂಡಿದ್ದಾಳೆ.